ಎಲ್ಲಾ ಬಂದ್ ಮಾಡಿದರೂ ಮಿನುಗುತ್ತಿದ್ದ ಕೆಂಪು ದೀಪ

ಹೋದ ಬೇಸಿಗೆಯಲ್ಲಿ ಬೆಟಗೇರಿಯ ಕಾಕಾನ ಮನೆಗೆ ಹೋಗಿದ್ದೆ. ಚಹಾ ಕುಡಿದು ಕಪ್ ಕೆಳಗಿಡುವಷ್ಟರಲ್ಲಿ ಕಾಕು ಕರೆಂಟ್ ಬಿಲ್ ತಂದು ನನ್ನ ಕೈಗಿಟ್ಟರು.

"ಮನ್ಯಾಗ ಇರೋದು ಎರಡು ಫ್ಯಾನು, ಒಂದು ಟಿವಿ, ಒಂದು ಫ್ರಿಜ್ಜು. ಹಳೇ ಮೀಟರ್ ಇದ್ದಾಗ ನೂರಾ ಮೂವತ್ತು ದಾಟ್ತಿರಲಿಲ್ಲ. ಹೊಸಾದು ಹಾಕಿದ ಮ್ಯಾಲೆ ಇನ್ನೂರು ದಾಟೇತಿ. ಈ ಮೀಟರ್ ಸುಳ್ಳ ಹೇಳತೈತಿ ನೋಡಪಾ."

ಇನ್ನೂರು ದಾಟುವುದು ಸಣ್ಣ ಮಾತಲ್ಲ. 2023ರ ಗೃಹಜ್ಯೋತಿ ಬಂದಾಗಿನಿಂದ ನಮ್ಮ ಮನೆಗಳಲ್ಲಿ ಆ ಅಂಕಿ ಲಕ್ಷ್ಮಣರೇಖೆ ಆಗಿದೆ. ಅದರೊಳಗೆ ಇದ್ದರೆ ನಿಮಗೆ ನಿಗದಿಯಾದ ಯೂನಿಟ್ಟಿನವರೆಗೆ ಉಚಿತ. ಒಂದು ಯೂನಿಟ್ ದಾಟಿದರೂ ಇಡೀ ಬಿಲ್ ಕಟ್ಟಬೇಕು. ಮನೆಯ ಮೀಟರ್ ಒಳ್ಳೆಯ ಸ್ಥಿತಿಯಲ್ಲಿದ್ದರೂ ಅದರ ಲೆಕ್ಕದಲ್ಲಿ ನೂರಕ್ಕೆ ಒಂದರಷ್ಟು ವ್ಯತ್ಯಾಸಕ್ಕೆ ಅವಕಾಶ ಇದೆ. ನೀವು ನಿಜವಾಗಿ 200 ಯೂನಿಟ್ ಬಳಸಿದರೆ ಮೀಟರ್ 198 ಅಂತಲೂ ತೋರಿಸಬಹುದು, 202 ಅಂತಲೂ ತೋರಿಸಬಹುದು. ಎರಡೂ ನಿಯಮದ ಪ್ರಕಾರ ಸರಿ. ಆದರೆ ಗಡಿಯಲ್ಲಿ ನಿಂತ ಮನೆಗೆ ಆ ಎರಡು ಯೂನಿಟ್ಟೇ ತಿಂಗಳ ದಿನಸಿಯ ಪ್ರಶ್ನೆ.

ಬೆಂಗಳೂರು ಭಾಗದಲ್ಲಿ 2025ರ ಫೆಬ್ರವರಿಯಿಂದ ಹೊಸ ಸಂಪರ್ಕಗಳಿಗೆ ಸ್ಮಾರ್ಟ್ ಮೀಟರ್ ಕಡ್ಡಾಯ ಮಾಡಿದರು. ಅಲ್ಲಿಂದೀಚೆ ಹುಬ್ಬಳ್ಳಿ, ಗದಗ, ಹಾವೇರಿ ಎಲ್ಲಿಗೆ ಹೋದರೂ ನನಗೆ ಒಂದೇ ಪ್ರಶ್ನೆ. ನಾನು ಎಲೆಕ್ಟ್ರಾನಿಕ್ಸ್ ಕಲಿಸುವವನು, ಅದಕ್ಕೇ ಕೇಳುತ್ತಾರೆ. "ಸರ್, ಅವು ಜಾಸ್ತಿ ಓಡ್ತಾವಂತಲ್ಲ, ಖರೇನಾ?"

ಕಾಕಾನ ಮನೆಯದು ಸ್ಮಾರ್ಟ್ ಮೀಟರ್ ಅಲ್ಲ, ಸಾಮಾನ್ಯ ಎಲೆಕ್ಟ್ರಾನಿಕ್ ಮೀಟರ್. ಆದರೆ ಕರೆಂಟ್ ಅಳೆಯುವ ಭಾಗ ಎರಡರಲ್ಲೂ ಹೆಚ್ಚುಕಡಿಮೆ ಒಂದೇ. ಸ್ಮಾರ್ಟ್ ಮೀಟರಿನಲ್ಲಿ ಅದರ ಜೊತೆಗೆ ಒಂದು ಸಿಮ್ ಅಥವಾ ರೇಡಿಯೋ, ಮತ್ತೆ ದೂರದಿಂದಲೇ ಕರೆಂಟ್ ಕತ್ತರಿಸುವ ಒಂದು ರಿಲೇ ಇರುತ್ತದೆ. ಹಾಗಾಗಿ ಅಳೆಯುವ ಭಾಗದ ಮಾತು ಮೊದಲು ಮುಗಿಸೋಣ.

ಮೀಟರಿನ ಮುಖದ ಮೇಲೆ ಒಂದು ಪುಟ್ಟ ಕೆಂಪು ದೀಪ ಮಿನುಗುತ್ತಿರುತ್ತದೆ, ನೋಡಿದ್ದೀರಲ್ವಾ? ಅದರ ಹತ್ತಿರವೇ 3200 ಅಥವಾ 1600 ಅಂತ ಬರೆದಿರುತ್ತದೆ. 3200 ಇದ್ದರೆ, ದೀಪ 3200 ಸಲ ಮಿನುಗಿದಾಗ ಒಂದು ಯೂನಿಟ್. ನಾನು ಪಡಸಾಲೆಗೆ ಹೋಗಿ ಮನೆಯ ಎಲ್ಲಾ ಎಂಸಿಬಿ ಕೆಳಗೆ ಮಾಡಿದೆ. ಫ್ಯಾನ್ ನಿಂತಿತು, ಫ್ರಿಜ್ ಸುಮ್ಮನಾಯಿತು. ದೀಪ ಮಾತ್ರ ನಿಲ್ಲಲಿಲ್ಲ. ಎರಡು-ಮೂರು ಸೆಕೆಂಡಿಗೊಮ್ಮೆ ಮಿನುಗುತ್ತಲೇ ಇತ್ತು.

"ಎಲ್ಲಾ ಬಂದ್ ಮಾಡೀವಿ, ಮತ್ಯಾಕ ಓಡಾಕತ್ತೈತಿ?" ಅಂದರು ಕಾಕು.

ಅವತ್ತು ನಳದ ನೀರು ಬಿಟ್ಟ ದಿನ. ಗೋಡೆಯ ಆಚೆ ಕಾಕಾನ ತಮ್ಮನ ಮನೆಯಲ್ಲಿ ಮೋಟರ್ ಗುಂಯ್ ಅನ್ನುತ್ತಿತ್ತು. ಸ್ವಲ್ಪ ಹೊತ್ತಿಗೆ ಅವರು ಮೋಟರ್ ಬಂದ್ ಮಾಡಿದರು. ನಮ್ಮ ಮೀಟರಿನ ದೀಪ ಪೂರ್ತಿ ನಿಧಾನವಾಯಿತು. ಅಷ್ಟರಲ್ಲಿ ನನಗೆ ವಿಷಯ ಗೊತ್ತಾಯಿತು.

ಆ ಮನೆ ಮೊದಲು ಒಂದೇ ಇತ್ತು. ಪಾಲಾದಾಗ ನಡುವೆ ಗೋಡೆ ಎದ್ದಿತು, ಎರಡನೇ ಮೀಟರ್ ಬಂತು. ವೈರಿಂಗ್ ಮಾಡಿದವರು ಫೇಸ್ ಬೇರೆ ಮಾಡಿದ್ದರು, ನ್ಯೂಟ್ರಲ್ ಹಾಗೇ ಕೂಡಿಸಿ ಬಿಟ್ಟಿದ್ದರು. ಇದು ಬೆಟಗೇರಿಯ ಒಂದೇ ಮನೆಯ ಕಥೆ ಅಂದುಕೊಳ್ಳಬೇಡಿ. ಹಳೇ ಹುಬ್ಬಳ್ಳಿಯಲ್ಲಾಗಲಿ ಹಾವೇರಿಯ ಓಣಿಗಳಲ್ಲಾಗಲಿ, ಪಾಲಾದ ಮನೆ ಮತ್ತು ಬಾಡಿಗೆಗೆ ಒಡೆದ ಮನೆ ಎಷ್ಟಿಲ್ಲ!

ಕರೆಂಟ್ ಫೇಸ್ ವೈರಿನಲ್ಲಿ ಒಳಗೆ ಬರುತ್ತದೆ, ನ್ಯೂಟ್ರಲ್ ವೈರಿನಲ್ಲಿ ವಾಪಸ್ ಹೋಗುತ್ತದೆ. ಬಂದಷ್ಟೇ ಹೋಗಬೇಕು. ಹಳೆಯ ತಟ್ಟೆ ಮೀಟರ್ ಒಂದೇ ವೈರ್ ನೋಡುತ್ತಿತ್ತು. ಅದನ್ನು ತಿಳಿದವರು ವಾಪಸ್ ಹೋಗುವ ಕರೆಂಟನ್ನು ಭೂಮಿಗೆ ಬಿಟ್ಟು, ವೈರ್ ಅದಲು ಬದಲು ಮಾಡಿ ಮೀಟರನ್ನು ಏಮಾರಿಸುತ್ತಿದ್ದರು. ಆ ಕಳ್ಳತನ ತಡೆಯಲು ನಮ್ಮ ದೇಶದ ಈಗಿನ ಮೀಟರುಗಳು ಎರಡೂ ವೈರ್ ಅಳೆಯುತ್ತವೆ. ಎರಡರ ನಡುವೆ ವ್ಯತ್ಯಾಸ ಕಂಡರೆ ಯಾವುದು ಜಾಸ್ತಿಯೋ ಅದನ್ನೇ ಬಿಲ್ಲಿಗೆ ಹಿಡಿಯುತ್ತವೆ.

ಈಗ ಲೆಕ್ಕ ನೋಡಿ. ನಿಮ್ಮ ಮನೆ 2 ಆಂಪಿಯರ್ ಎಳೆಯುತ್ತಿದೆ, ಪಕ್ಕದ ಮನೆ 3. ನ್ಯೂಟ್ರಲ್ ಕೂಡಿದ್ದರಿಂದ ಐದೂ ಆಂಪಿಯರ್ ನಿಮ್ಮ ಮೀಟರಿನ ಮೂಲಕವೇ ವಾಪಸ್ ಹೋಯಿತು ಅಂದುಕೊಳ್ಳಿ. ನಿಮ್ಮ ಮೀಟರ್ 5 ಅಂತ ಎಣಿಸುತ್ತದೆ. ಪಕ್ಕದ ಮೀಟರ್ ತನ್ನ ಫೇಸ್ ನೋಡಿ 3 ಅಂತ ಎಣಿಸುತ್ತದೆ. ಬಳಸಿದ್ದು ಐದು, ಬಿಲ್ ಎಂಟಕ್ಕೆ! ಅದೇ ಕರೆಂಟಿಗೆ ಎರಡು ಮನೆಯವರೂ ದುಡ್ಡು ಕೊಡುತ್ತಾರೆ. ಮೀಟರ್ ಕೆಟ್ಟಿಲ್ಲ. ಲ್ಯಾಬಿಗೆ ಕಳಿಸಿದರೆ ಪಾಸಾಗಿ ಬರುತ್ತದೆ. ವೈರಿಂಗಿನ ಹಳೇ ತಪ್ಪನ್ನು ಮುಂಚಿನ ಮೀಟರ್ ಮುಚ್ಚಿಟ್ಟಿತ್ತು, ಹೊಸದು ಅದಕ್ಕೆ ಬಿಲ್ ಹಾಕಿತು. ಬಹಳಷ್ಟು ಮೀಟರುಗಳಲ್ಲಿ ಹೀಗಾದಾಗ 'ಇಎಲ್' ಅಂತ ಬರೆದ ಇನ್ನೊಂದು ದೀಪ ಹತ್ತುತ್ತದೆ. ಬಂದ ಕರೆಂಟಿಗೂ ಹೋದ ಕರೆಂಟಿಗೂ ತಾಳೆ ಇಲ್ಲ ಅಂತ ಅದರ ಅರ್ಥ. ಇದನ್ನು ಮನೆಯವರಿಗೆ ಹೇಳಿಕೊಡುವವರು ಯಾರೂ ಇಲ್ಲ. ನನಗೆ ಸಿಟ್ಟು ಬರುವುದು ಇಲ್ಲಿಯೇ. ಮೀಟರ್ ಬದಲಿಸುವ ದಿನ ಐದು ನಿಮಿಷ ಈ ಪರೀಕ್ಷೆ ಮಾಡಿ ತೋರಿಸಿದರೆ ಎಷ್ಟೋ ಮನೆಯ ಜಗಳ ಅಲ್ಲೇ ಮುಗಿಯುತ್ತದೆ.

ಬಿಲ್ ಏರಲು ಇನ್ನೊಂದು ಕಾರಣವೂ ಇದೆ, ಅದನ್ನು ಒಪ್ಪಿಕೊಳ್ಳಬೇಕು. ಹಳೆಯ ಮೀಟರಿನ ಅಲ್ಯೂಮಿನಿಯಂ ತಟ್ಟೆ ವಯಸ್ಸಾದಂತೆ ಧೂಳು ತಿಂದು, ತಿರುಗುವ ಜಾಗ ಸವೆದು ನಿಧಾನವಾಗುತ್ತಿತ್ತು. ಮೊಬೈಲ್ ಚಾರ್ಜರ್, ರಿಮೋಟಿನಲ್ಲಿ ಆಫ್ ಮಾಡಿದ ಟಿವಿ, ಇಂಥ ಚಿಲ್ಲರೆ ಕರೆಂಟಿಗೆ ಅದು ಅಲುಗಾಡುತ್ತಲೇ ಇರಲಿಲ್ಲ. ಹೊಸ ಮೀಟರ್ ಆ ಚಿಲ್ಲರೆಯನ್ನೂ ಎಣಿಸುತ್ತದೆ.

ಹಾಗಂತ ಎಲೆಕ್ಟ್ರಾನಿಕ್ ಮೀಟರ್ ತಪ್ಪೇ ಮಾಡುವುದಿಲ್ಲ ಅನ್ನುವಂತಿಲ್ಲ. ನೆದರ್ಲೆಂಡಿನ ಟ್ವೆಂಟೆ ವಿಶ್ವವಿದ್ಯಾಲಯದ ಫ್ರಾಂಕ್ ಲೆಫೆರಿಂಕ್ ಮತ್ತು ಸಂಗಡಿಗರು ಒಂಬತ್ತು ಮೀಟರುಗಳನ್ನು ಪರೀಕ್ಷಿಸಿದರು. 2017ರಲ್ಲಿ ಅದು ದೊಡ್ಡ ಸುದ್ದಿಯಾಯಿತು. ಐದು ಮೀಟರುಗಳು ನಿಜಕ್ಕಿಂತ ಬಹಳ ಜಾಸ್ತಿ ತೋರಿಸಿದವು. ಒಂದಂತೂ ಶೇಕಡಾ 582ರಷ್ಟು ಜಾಸ್ತಿ! ಎರಡು ಮೀಟರುಗಳು ಸುಮಾರು ಶೇಕಡಾ 30ರಷ್ಟು ಕಡಿಮೆ ತೋರಿಸಿದವು. ಕಾರಣ ಡಿಮ್ಮರ್ ಜೊತೆ ಜೋಡಿಸಿದ ಎಲ್ಇಡಿ ಮತ್ತು ಸಿಎಫ್ಎಲ್ ಬಲ್ಬುಗಳು.

ಇಸ್ತ್ರಿ ಪೆಟ್ಟಿಗೆಯೋ ಹಳೇ ಬುರುಡೆ ಬಲ್ಬೋ ಕರೆಂಟನ್ನು ಅಲೆ ಅಲೆಯಾಗಿ, ಸಲೀಸಾಗಿ ಎಳೆಯುತ್ತವೆ. ಡಿಮ್ಮರ್ ಹಾಗಲ್ಲ. ಸೆಕೆಂಡಿಗೆ ನೂರು ಸಲ ಕರೆಂಟನ್ನು ಕತ್ತರಿಸಿ ತಟ್ಟನೆ ಬಿಡುತ್ತದೆ. ಅಲೆಯ ಜಾಗದಲ್ಲಿ ಸೂಜಿ ಮೊನೆಯಂಥ ಏಟುಗಳು ಬರುತ್ತವೆ. ಕೆಲವು ಬಗೆಯ ಸೆನ್ಸರುಗಳು, ಮುಖ್ಯವಾಗಿ ರೊಗೊವ್ಸ್ಕಿ ಕಾಯಿಲ್ ಅನ್ನುವುದು, ಕರೆಂಟ್ ಎಷ್ಟು ಬೇಗ ಏರುತ್ತದೆ ಅನ್ನುವುದನ್ನು ನೋಡಿ ಲೆಕ್ಕ ಹಾಕುತ್ತವೆ. ಚೂಪಾದ ಏಟಿಗೆ ಅವು ಬೆಚ್ಚಿ ಬಿದ್ದು ತಪ್ಪು ಎಣಿಸುತ್ತವೆ. ಆ ಪ್ರಯೋಗ ಬೇಕಂತಲೇ ಕಠಿಣ ಪರಿಸ್ಥಿತಿಯಲ್ಲಿ ಮಾಡಿದ್ದು. ನಿಮ್ಮ ಮನೆಯ ಬಿಲ್ ಹತ್ತಿರ ಹತ್ತಿರ ಏಳು ಪಟ್ಟು ಆಗುತ್ತದೆ ಅಂತ ಅರ್ಥ ಅಲ್ಲ. ನನ್ನನ್ನು ಕಾಡುವ ಮಾತು ಬೇರೆ. ಅವೆಲ್ಲ ಆಗಿನ ಮಾನದಂಡಗಳ ಪ್ರಕಾರ ಸರಿಯಾದ ಮೀಟರುಗಳೇ. ಪರೀಕ್ಷೆಯಲ್ಲಿ ಕೊಟ್ಟದ್ದು ಚೊಕ್ಕ ಅಲೆ, ಮನೆಯಲ್ಲಿ ಸಿಕ್ಕಿದ್ದು ಕೊಳಕು ಅಲೆ.

ಈಗ ಸ್ಮಾರ್ಟ್ ಅನ್ನುವ ಭಾಗಕ್ಕೆ ಬರೋಣ. 2020ರ ಆಗಸ್ಟ್ 12, ಕೃಷ್ಣ ಜನ್ಮಾಷ್ಟಮಿ. ಉತ್ತರ ಪ್ರದೇಶದಲ್ಲಿ ಸ್ಮಾರ್ಟ್ ಮೀಟರ್ ಇದ್ದ ಒಂದೂವರೆ ಲಕ್ಷಕ್ಕೂ ಹೆಚ್ಚು ಮನೆಗಳ ಕರೆಂಟ್ ಒಮ್ಮೆಲೇ ಹೋಯಿತು. ಬಿಲ್ ಕಟ್ಟಿದವರ ಮನೆಯದೂ ಹೋಯಿತು. ಕಂಪ್ಯೂಟರ್ ವ್ಯವಸ್ಥೆಯಿಂದ ಸಂಪರ್ಕ ಕಡಿತದ ಆದೇಶ ತಪ್ಪಾಗಿ ಹೋಗಿತ್ತು. ಮುಂಚೆ ಕರೆಂಟ್ ಕತ್ತರಿಸಬೇಕಾದರೆ ಲೈನ್‌ಮನ್ ಏಣಿ ಹಿಡಿದು ನಮ್ಮ ಮನೆಗೇ ಬರಬೇಕಿತ್ತು. "ನಿನ್ನೆನೇ ಕಟ್ಟೀನ್ರಿ, ರಸೀದಿ ನೋಡ್ರಿ" ಅಂದರೆ ಅವನು ವಾಪಸ್ ಹೋಗುತ್ತಿದ್ದ. ರಿಲೇಗೆ ರಸೀದಿ ತೋರಿಸಲು ಆಗುವುದಿಲ್ಲ.

ಪ್ರೀಪೇಯ್ಡ್ ಆದರೆ ಇನ್ನೊಂದು ತೊಡಕು. ಬ್ಯಾಲೆನ್ಸ್ ಲೆಕ್ಕ ಸಾಮಾನ್ಯವಾಗಿ ಸರ್ವರಿನಲ್ಲಿ ನಡೆಯುತ್ತದೆ. ನೆಟ್‌ವರ್ಕ್ ಸಿಗದಿದ್ದರೆ ಮೀಟರ್ ತನ್ನ ನೆನಪಿನಲ್ಲಿ ಅಂಕಿ ಇಟ್ಟುಕೊಂಡಿರುತ್ತದೆ. ಸಿಗ್ನಲ್ ಬಂದ ದಿನ ಬಾಕಿ ಉಳಿದ ದಿನಗಳ ದುಡ್ಡೆಲ್ಲ ಒಟ್ಟಿಗೆ ಕಡಿತವಾಗುತ್ತದೆ. ನೋಡುವವರಿಗೆ ಮೀಟರ್ ಒಂದೇ ರಾತ್ರಿಯಲ್ಲಿ ದುಡ್ಡು ನುಂಗಿದಂತೆ ಕಾಣುತ್ತದೆ. 2024ರಲ್ಲಿ ವಡೋದರಾದಲ್ಲಿ ಜನ ಬೀದಿಗೆ ಇಳಿದಾಗ ಇಂಥ ದೂರುಗಳೇ ಎದ್ದಿದ್ದವು. ಕೊನೆಗೆ ಗುಜರಾತ್ ಸರ್ಕಾರ ಚೆಕ್ ಮೀಟರ್, ಅಂದರೆ ತಾಳೆ ನೋಡಲು ಇನ್ನೊಂದು ಮೀಟರ್, ಹಾಕಿ ತೋರಿಸುತ್ತೇವೆ ಅನ್ನಬೇಕಾಯಿತು. ಬ್ರಿಟನ್ನಿನಲ್ಲಂತೂ 2023ರ ಕೊನೆಗೆ ಸುಮಾರು 40 ಲಕ್ಷ ಸ್ಮಾರ್ಟ್ ಮೀಟರುಗಳು ಸರಿಯಾಗಿ ಕೆಲಸ ಮಾಡದೆ ಹೆಸರಿಗೆ ಮಾತ್ರ ಸ್ಮಾರ್ಟ್ ಆಗಿದ್ದವು.

ದರದ ಮಾತೂ ಇದೆ. ಕೇಂದ್ರ ಸರ್ಕಾರದ 2023ರ ತಿದ್ದುಪಡಿ ನಿಯಮದ ಪ್ರಕಾರ, ಸ್ಮಾರ್ಟ್ ಮೀಟರ್ ಬಂದ ಮನೆಗಳಿಗೆ ಹೊತ್ತಿಗೊಂದು ದರ ತರಬೇಕು. ಬಿಸಿಲಿದ್ದಾಗ ಕಡಿಮೆ, ಬೇಡಿಕೆ ಜಾಸ್ತಿ ಇರುವ ಹೊತ್ತಿನಲ್ಲಿ ಹೆಚ್ಚು. ಹಗಲು ಕೆಲಸಕ್ಕೆ ಹೋಗಿ ಸಂಜೆ ಮನೆಗೆ ಬರುವವರು ಮಿಕ್ಸರ್, ಮೋಟರ್, ಇಸ್ತ್ರಿ ಎಲ್ಲವನ್ನೂ ಆ ದುಬಾರಿ ಹೊತ್ತಿನಲ್ಲೇ ಹಾಕಬೇಕಲ್ವಾ? ಮಂಜೂರಾದ ಲೋಡಿಗಿಂತ ಜಾಸ್ತಿ ಎಳೆದರೂ ಮೀಟರ್ ಬರೆದಿಟ್ಟುಕೊಳ್ಳುತ್ತದೆ. ಆದರೆ ವರ್ಷದಲ್ಲಿ ಕನಿಷ್ಠ ಮೂರು ಸಲ ಮೀರಿದ್ದರೆ ಮಾತ್ರ ಲೋಡ್ ಏರಿಸಬಹುದು ಅಂತ ಅದೇ ನಿಯಮ ಹೇಳುತ್ತದೆ. ಇದನ್ನು ನೆನಪಿಡಿ.

ಮನೆಯೊಳಗಿನ ಗುಟ್ಟು ಹೊರಗೆ ಹೋಗುವ ವಿಷಯವನ್ನು ನಮ್ಮ ಕಡೆ ಯಾರೂ ಎತ್ತುವುದಿಲ್ಲ, ಎತ್ತಬೇಕು. ಜರ್ಮನಿಯ ಮ್ಯುನ್ಸ್ಟರಿನ ಸಂಶೋಧಕರು 2011ರಲ್ಲಿ, ಎರಡು ಸೆಕೆಂಡಿಗೊಮ್ಮೆ ಬರುವ ಮೀಟರ್ ಅಂಕಿಗಳನ್ನು ನೋಡಿಯೇ ಟಿವಿಯಲ್ಲಿ ಯಾವ ಸಿನಿಮಾ ಓಡುತ್ತಿದೆ ಅಂತ ಪತ್ತೆ ಮಾಡಬಹುದು ಎಂದು ತೋರಿಸಿದರು. ನಮ್ಮ ಮೀಟರುಗಳು ಕಾಲು ಗಂಟೆ, ಅರ್ಧ ಗಂಟೆಗೊಮ್ಮೆ ಬರೆದಿಡುತ್ತವೆ. ಸಿನಿಮಾ ಗೊತ್ತಾಗುವುದಿಲ್ಲ. ಆದರೆ ನೀವು ಎಷ್ಟಕ್ಕೆ ಏಳುತ್ತೀರಿ, ಯಲ್ಲಮ್ಮನ ಗುಡ್ಡಕ್ಕೆ ಹೋದ ಎರಡು ದಿನ ಮನೆ ಖಾಲಿ ಇತ್ತು ಅನ್ನುವುದೆಲ್ಲ ಗೊತ್ತಾಗುತ್ತದೆ. ಇದೇ ಕಾರಣಕ್ಕೆ ನೆದರ್ಲೆಂಡಿನ ಮೇಲ್ಮನೆ 2009ರಲ್ಲಿ ಸ್ಮಾರ್ಟ್ ಮೀಟರ್ ಕಡ್ಡಾಯ ಮಾಡುವ ಕಾನೂನನ್ನು ತಡೆದಿತ್ತು.

ಮೀಟರ್ ಮೇಲೆ ಅನುಮಾನ ಬಂದರೆ ಮೊದಲು ನೀವೇ ಒಂದು ಎಣಿಕೆ ಮಾಡಿ. ಉಳಿದದ್ದೆಲ್ಲ ಬಂದ್ ಮಾಡಿ, 1000 ವ್ಯಾಟಿನ ಇಸ್ತ್ರಿ ಪೆಟ್ಟಿಗೆ ತಣ್ಣಗಿದ್ದಾಗ ಹಚ್ಚಿ. 3200 ಬರೆದ ಮೀಟರಿನ ದೀಪ ಒಂದು ನಿಮಿಷಕ್ಕೆ ಸುಮಾರು 53 ಸಲ ಮಿನುಗಬೇಕು. ವೋಲ್ಟೇಜ್ ಏರಿಳಿತದಿಂದ 47ರಿಂದ 60ರ ತನಕ ಬಂದರೆ ಗಾಬರಿ ಬೇಡ. ಎಂಬತ್ತೋ ತೊಂಬತ್ತೋ ಬಂದರೆ ಬರೆದಿಟ್ಟುಕೊಂಡು, ಬಿಲ್ಲಿನ ಮೇಲಿರುವ ಆರ್.ಆರ್. ನಂಬರ್ ಹಾಕಿ ಲಿಖಿತ ದೂರು ಕೊಡಿ. 2024ರ ಕೇಂದ್ರ ನಿಯಮದಂತೆ ದೂರು ಬಂದ ಐದು ದಿನದೊಳಗೆ ಪಕ್ಕದಲ್ಲಿ ಇನ್ನೊಂದು ಮೀಟರ್ ಹಾಕಿ ಕನಿಷ್ಠ ಮೂರು ತಿಂಗಳು ತಾಳೆ ನೋಡಬೇಕು. ಅದನ್ನು ಕೇಳಿ ಪಡೆಯಿರಿ. ದುರ್ಗದ ಬೈಲಿನಲ್ಲಿ ಕಾಯಿಪಲ್ಲೆ ಕೊಳ್ಳುವಾಗ ತಕ್ಕಡಿ ಮುಳ್ಳು ನೋಡದೆ ದುಡ್ಡು ಕೊಡುತ್ತೇವೆಯೇ?

ಬೆಟಗೇರಿಯಲ್ಲಿ ಮರುದಿನ ವೈರಿಂಗ್ ಮಾಡುವವರನ್ನು ಕರೆಸಿದೆವು. ಅಟ್ಟದ ಮೇಲೆ ಒಂದು ಜಂಕ್ಷನ್ ಬಾಕ್ಸಿನಲ್ಲಿ ಎರಡೂ ಮನೆಯ ಕಪ್ಪು ನ್ಯೂಟ್ರಲ್ ವೈರುಗಳು ಒಟ್ಟಿಗೆ ಹೊಸೆದುಕೊಂಡಿದ್ದವು. ಟೇಪ್ ಪುಡಿಯಾಗಿ ಉದುರುತ್ತಿತ್ತು. ಬಿಚ್ಚಿ ಬೇರೆ ಮಾಡಲು ಒಂದು ತಾಸು ಹಿಡಿಯಿತು. ಆಮೇಲೆ ಮತ್ತೆ ಎಲ್ಲಾ ಎಂಸಿಬಿ ಕೆಳಗೆ ಮಾಡಿ, ಆಚೆ ಮನೆಯವರಿಗೆ ಮೋಟರ್ ಹಾಕಲು ಹೇಳಿದೆವು. ಕಾಕು ಸ್ಟೂಲ್ ತಂದು ಮೀಟರ್ ಎದುರು ಕೂತರು. ಗೋಡೆಯಾಚೆ ಮೋಟರ್ ಗುಂಯ್ ಅನ್ನುತ್ತಿತ್ತು. ಈಚೆ ಕೆಂಪು ದೀಪ ಹತ್ತಲಿಲ್ಲ. ಒಂದು ನಿಮಿಷ ಆಯಿತು, ಎರಡು ಆಯಿತು.

"ಇನ್ನೂ ಸ್ವಲ್ಪ ನೋಡೂಣು ತಡಿ," ಅಂದರು ಕಾಕು.