ಜಿಲ್ಲಾ ಪಂಚಾಯ್ತಿ ಓಟು ಮುಂದಕ್ಕೆ ಹಾಕೋದು ಯಾರು, ಹೇಗೆ

ಮಡಿಕೇರಿಯಲ್ಲಿ ವಕೀಲಿಕೆ ಮಾಡ್ಕೊಂಡು ಪಂಚಾಯ್ತಿ ಕೇಸುಗಳನ್ನ ನೋಡೋ ನನ್ನಂಥವರ ಹತ್ರ ಜನ ಈಚೆಗೆ ಕೇಳೋದು ಒಂದೇ ಮಾತು. ಸರ್ಕಾರಕ್ಕೆ ಮನಸ್ಸು ಬಂದ್ರೆ ಓಟು, ಬರದಿದ್ರೆ ಇಲ್ಲ, ಹಿಂಗೂ ಉಂಟಾ ಸಾರ್? ಸಂವಿಧಾನ ತೆಗೆದು ನೋಡಿದ್ರೆ ಇಲ್ಲ. 243-ಇ ವಿಧಿಯಲ್ಲಿ ಸ್ಪಷ್ಟವಾಗೇ ಇದೆ, ಮೊದಲ ಸಭೆಗೆ ಗೊತ್ತು ಮಾಡಿದ ದಿನದಿಂದ ಐದು ವರ್ಷ, ಅದರ ಮೇಲೆ ಒಂದು ದಿನಾನೂ ಇಲ್ಲ, ಹೊಸ ಚುನಾವಣೆ ಆ ಐದು ವರ್ಷ ತುಂಬೋ ಮುಂಚೆನೇ ಮುಗಿದಿರಬೇಕು. ನಗರಸಭೆ, ಪಟ್ಟಣ ಪಂಚಾಯ್ತಿಗೆ 243-ಯು ವಿಧಿ, ಅಲ್ಲೂ ಇದೇ ಮಾತು. ಕಾನೂನು ಇಷ್ಟು ಸಲೀಸಾಗಿದೆ. ನಡೆದಿದ್ದು ಮಾತ್ರ ಬೇರೆ.

ಜಿಲ್ಲಾ ಪಂಚಾಯ್ತಿ, ತಾಲೂಕು ಪಂಚಾಯ್ತಿಗೆ ನಾವು ಓಟು ಹಾಕಿದ್ದು 2016ರ ಫೆಬ್ರವರಿಯಲ್ಲಿ. 2021ರಲ್ಲಿ ಅವಧಿ ಮುಗೀತು, ಮೆಂಬರ್‌ಗಳ ಬದಲು ಸರ್ಕಾರ ನೇಮಿಸಿದ ಆಡಳಿತಾಧಿಕಾರಿಗಳು ಬಂದು ಕೂತ್ರು. ಅದಾದ ಮೇಲೆ 2023ರಲ್ಲಿ ವಿಧಾನಸಭೆಗೆ ಓಟು ಹಾಕಿದ್ವಿ, ಸರ್ಕಾರವೇ ಬದಲಾಯ್ತು, 2024ರಲ್ಲಿ ಲೋಕಸಭೆಗೂ ಹಾಕಿದ್ವಿ, ಜಿಲ್ಲಾ ಪಂಚಾಯ್ತಿ ಬೂತು ಮಾತ್ರ ತೆರೀಲಿಲ್ಲ. ಶುರು ಮಾಡಿದ್ದು ಒಂದು ಪಕ್ಷದ ಸರ್ಕಾರ, ಮುಂದುವರಿಸಿದ್ದು ಇನ್ನೊಂದು ಪಕ್ಷದ್ದು, ಹಾಗಾಗಿ ಇದರಲ್ಲಿ ನಿಮ್ಮೋರು ನಮ್ಮೋರು ಅಂತ ಜಗಳ ಆಡೋಕೆ ಏನೂ ಉಳಿದಿಲ್ಲ.

ಈಗ ಇನ್ನೊಂದು ಮುಂದೂಡಿಕೆ ನೆನಪು ಮಾಡ್ಕೊಳ್ಳಿ. 2018ರ ಆಗಸ್ಟ್ ಕೊನೇಲಿ ರಾಜ್ಯದ ಬೇರೆ ಕಡೆ ಸ್ಥಳೀಯ ಸಂಸ್ಥೆಗಳ ಓಟು ನಡೀತು, ನಮ್ಮ ಕುಶಾಲನಗರ, ವಿರಾಜಪೇಟೆ, ಸೋಮವಾರಪೇಟೆ ಪಟ್ಟಣ ಪಂಚಾಯ್ತಿಗಳದ್ದನ್ನ ಮುಂದಕ್ಕೆ ಹಾಕಿದ್ರು. ಆಗ ಇಲ್ಲಿ ಗುಡ್ಡ ಜರಿದು ಮನೆಗಳೇ ಹೋಗಿದ್ವು, ರಸ್ತೆ ಇರಲಿಲ್ಲ, ಜನ ಪರಿಹಾರ ಕೇಂದ್ರಗಳಲ್ಲಿ ಇದ್ರು. ಅಕ್ಟೋಬರ್ ಕೊನೇಲಿ ಓಟು ನಡೀತು. ಅವತ್ತು ಓಟು ಮುಂದಕ್ಕೆ ಹಾಕಿದ್ರು ಅಂತ ನನ್ನ ಆಫೀಸಿಗೆ ಒಬ್ಬರೂ ತಕರಾರು ತಗೊಂಡು ಬರಲಿಲ್ಲ. ಕಾರಣ ಎಲ್ಲರ ಕಣ್ಣೆದುರು ಇತ್ತು, ಮಳೆ ನಿಂತ ಮೇಲೆ ಓಟೂ ಬಂತು. ಸುಪ್ರೀಂ ಕೋರ್ಟ್ 2006ರಲ್ಲಿ ಅಹಮದಾಬಾದ್ ಪಾಲಿಕೆ ಕೇಸಲ್ಲಿ, ಅಂದ್ರೆ ಕಿಶನ್ ಸಿಂಗ್ ತೋಮರ್ ತೀರ್ಪಲ್ಲಿ, ಹೇಳಿದ್ದೂ ಹೆಚ್ಚುಕಮ್ಮಿ ಇದನ್ನೇ. ಪ್ರಕೃತಿ ವಿಕೋಪ, ಗಲಭೆ ಥರದ್ದು ಅಪರೂಪದ ವಿಷ್ಯ, ಅದು ಬಿಟ್ಟು ಐದು ವರ್ಷದ ಗಡುವು ದಾಟೋ ಹಾಗಿಲ್ಲ ಅಂತ. ಹಾಗಾಗಿ ನಮ್ಮ ಜನಕ್ಕೆ ತಾರೀಖು ಬದಲಾಗಿದ್ದಕ್ಕೆ ಸಿಟ್ಟು ಅಂತ ನಂಗೆ ಅನ್ಸಲ್ಲ. ಬದಲಾಯಿಸಿದವರೇ ಅದರಿಂದ ಲಾಭ ಮಾಡ್ಕೊಳ್ತಿದ್ದಾರೆ, ಮುಂದಿನ ತಾರೀಖೂ ಹೇಳಲ್ಲ ಅನ್ನೋದಕ್ಕೆ ಸಿಟ್ಟು.

ಮುಂದಕ್ಕೆ ಹಾಕೋದು ಹೇಗೆ ಅಂದ್ರೆ, ಯಾರೂ ಎದ್ದು ನಿಂತು ಚುನಾವಣೆ ಬೇಡ ಅನ್ನಲ್ಲ. ಹಾಗಂದ್ರೆ ಕೋರ್ಟಲ್ಲಿ ಒಂದೇ ದಿನಕ್ಕೆ ಬಿದ್ದು ಹೋಗುತ್ತೆ. ಚುನಾವಣೆಗೆ ಮುಂಚೆ ಆಗಬೇಕಾದ ಎರಡು ಕೆಲಸ ಇದೆ, ಕ್ಷೇತ್ರ ಪುನರ್ವಿಂಗಡಣೆ, ಅಂದ್ರೆ ಯಾವ ಊರು ಯಾವ ಕ್ಷೇತ್ರಕ್ಕೆ ಅಂತ ಗೆರೆ ಎಳೆಯೋದು, ಮತ್ತೆ ಮೀಸಲಾತಿ ಪಟ್ಟಿ, ಇವೆರಡನ್ನ ನಿಧಾನ ಮಾಡಿದ್ರೆ ಸಾಕು. 2021ರಲ್ಲಿ ರಾಜ್ಯ ಚುನಾವಣಾ ಆಯೋಗ ಈ ಕೆಲಸ ಬಹುಪಾಲು ಮಾಡಿಟ್ಟಿತ್ತು. ಆಗ ಸರ್ಕಾರ ಪಂಚಾಯತ್ ರಾಜ್ ಕಾಯ್ದೆಗೇ ತಿದ್ದುಪಡಿ ತಂದು ಆ ಅಧಿಕಾರ ಆಯೋಗದ ಕೈಯಿಂದ ತೆಗೆದು ಬೇರೆ ಸೀಮಾ ನಿರ್ಣಯ ಆಯೋಗ ಮಾಡ್ತು, ಮೊದಲಿಂದ ಮತ್ತೆ ಶುರು. ಅಷ್ಟೊತ್ತಿಗೆ ಹಿಂದುಳಿದ ವರ್ಗದ ಮೀಸಲಾತಿಗೆ ಮೂರು ಹಂತದ ಪರೀಕ್ಷೆ (ಆಯೋಗ ಮಾಡಿ ಅಂಕಿಅಂಶ ಸೇರಿಸೋದು, ಒಂದೊಂದು ಸಂಸ್ಥೆಗೂ ಎಷ್ಟು ಅಂತ ಗೊತ್ತು ಮಾಡೋದು, ಒಟ್ಟು ಮೀಸಲಾತಿ ಅರ್ಧ ದಾಟದ ಹಾಗೆ ನೋಡೋದು) ಆಗ್ಲೇಬೇಕು ಅಂತ ಸುಪ್ರೀಂ ಕೋರ್ಟ್ ಮಹಾರಾಷ್ಟ್ರದ ಕೇಸಲ್ಲಿ ಹೇಳಿತ್ತು, ಅದಕ್ಕೆ 2022ರಲ್ಲಿ ನ್ಯಾಯಮೂರ್ತಿ ಭಕ್ತವತ್ಸಲ ಆಯೋಗ ಆಯ್ತು, ಅವರು ಕೆಲವೇ ತಿಂಗಳಲ್ಲಿ ವರದಿನೂ ಕೊಟ್ರು. ಆದ್ರೂ ಓಟು ಇಲ್ಲ. ಮಜಾ ಅಂದ್ರೆ ಅದೇ ವರ್ಷ ಮೇ ತಿಂಗಳಲ್ಲಿ ಮಧ್ಯಪ್ರದೇಶದ ಕೇಸಲ್ಲಿ ಸುಪ್ರೀಂ ಕೋರ್ಟ್, ಮೀಸಲಾತಿ ಕೆಲಸ ಮುಗಿದಿಲ್ಲ ಅಂತ ಚುನಾವಣೆ ನಿಲ್ಲಿಸೋ ಹಾಗಿಲ್ಲ ಅಂತಾನೂ ಹೇಳಿತ್ತು. ಇಲ್ಲಿ ಹೈಕೋರ್ಟ್ 2022ರ ಡಿಸೆಂಬರಲ್ಲಿ ತಾಳ್ಮೆ ಕಳ್ಕೊಂಡು ಸರ್ಕಾರಕ್ಕೆ 5 ಲಕ್ಷ ರೂಪಾಯಿ ದಂಡ ಹಾಕ್ತು. ದಂಡ ಕಟ್ಟೋದು ಯಾವ ದುಡ್ಡಲ್ಲಿ, ನಮ್ಮದೇ ತೆರಿಗೆ ದುಡ್ಡಲ್ಲಿ! ತಡ ಮಾಡಿದ ಮಂತ್ರಿ ಜೇಬಿಂದ ಒಂದು ರೂಪಾಯಿ ಹೋಗಲ್ಲ. ಕಾನೂನಿನ ದೊಡ್ಡ ತೂತು ಇದೇ ಅಂತ ನನ್ನ ಅಭಿಪ್ರಾಯ, ಐದು ವರ್ಷ ಅಂತ ಬರೆದವರು ಮೀರಿದವನಿಗೆ ಏನಾಗುತ್ತೆ ಅಂತ ಬರೀಲಿಲ್ಲ.

ಪುನರ್ವಿಂಗಡಣೆ ಅಂದ್ರೆ ಕಾಗದದ ಮೇಲಿನ ಗೆರೆ ಅಂತ ತಿಳ್ಕೊಬೇಡಿ. ನಾಪೋಕ್ಲು ಕಡೆಯ ಬೆಳೆಗಾರರೊಬ್ರು ಕರಡು ಅಧಿಸೂಚನೆಯ ಜೆರಾಕ್ಸ್ ತಗೊಂಡು ಬಂದಿದ್ರು, ಅವರ ಗ್ರಾಮದ ಹೆಸರಿಗೆ ಕೆಂಪು ಪೆನ್ನಲ್ಲಿ ಸುತ್ತು ಹಾಕಿ, ಪಕ್ಕದಲ್ಲಿ ಕೈಯಲ್ಲೇ ಒಂದು ನಕ್ಷೆ ಬರೆದಿದ್ರು, ಹೊಳೆ ಎಲ್ಲಿ, ಗುಡ್ಡ ಎಲ್ಲಿ, ಸೇತುವೆ ಎಲ್ಲಿ ಅಂತ. "ನೋಡಿ ವಕೀಲ್ರೇ, ನಕ್ಷೇಲಿ ಬೆರಳಿಟ್ರೆ ಪಕ್ಕದೂರು, ಜೀಪಲ್ಲಿ ಹೋದ್ರೆ ಗುಡ್ಡ ಸುತ್ತಿ ಮುಕ್ಕಾಲು ಗಂಟೆ, ಮಳೆಗಾಲದಲ್ಲಿ ಕೇಳ್ಲೇಬೇಡಿ. ಆ ಕಡೆ ಮೆಂಬರ್ ನಮ್ಮೂರಿಗೆ ಬರೋದುಂಟಾ?" ಅಂದ್ರು. ಬೆಂಗಳೂರಲ್ಲಿ ಕೂತು 2011ರ ಜನಗಣತಿ ಅಂಕಿ ಇಟ್ಕೊಂಡು ಗೆರೆ ಎಳೆಯೋರಿಗೆ ಈ ಹೊಳೆ ಕಾಣಲ್ಲ. ಮೇಲಿಂದ ಪೊನ್ನಂಪೇಟೆ, ಕುಶಾಲನಗರ ಅಂತ ಎರಡು ಹೊಸ ತಾಲೂಕು ಬೇರೆ ಆದ್ವು, ಮೂರು ಇದ್ದದ್ದು ಐದಾಯ್ತು, ಹಳೇ ಕ್ಷೇತ್ರಗಳನ್ನ ಒಡೆದು ಕೂಡಿಸ್ಲೇಬೇಕಾಯ್ತು. ಕೆಲಸ ನಿಜವಾಗಿಯೂ ಇತ್ತು, ನಾನು ಇಲ್ಲ ಅನ್ನಲ್ಲ. ಅದಕ್ಕೆ ವರ್ಷಗಟ್ಟಲೆ ಬೇಕಾ ಅನ್ನೋದು ನನ್ನ ಪ್ರಶ್ನೆ.

ಇನ್ನು ಜನರ ಕಡೆ ಬರೋಣ, ಇಲ್ಲೇ ನಂಗೆ ಬೇಜಾರು ಜಾಸ್ತಿ. ರೇಷನ್ ಕಾರ್ಡ್ ಸರ್ವರ್ ಡೌನ್ ಆದ್ರೆ ತಾಲೂಕು ಆಫೀಸ್ ಮುಂದೆ ಗಲಾಟೆ ಆಗುತ್ತೆ, ಕಾಡಾನೆ ತೋಟಕ್ಕೆ ನುಗ್ಗಿದ್ರೆ ರಸ್ತೆ ತಡೆ ಆಗುತ್ತೆ, ಆಗ್ಲೂಬೇಕು. ಜಿಲ್ಲಾ ಪಂಚಾಯ್ತಿಗೆ ವರ್ಷಾನುಗಟ್ಟಲೆ ಮೆಂಬರ್‌ಗಳೇ ಇಲ್ಲ ಅಂದ್ರೆ ಯಾರೂ ಬೀದಿಗೆ ಇಳಿಯಲ್ಲ. ಕೇಳಿದ್ರೆ "ಬಿಡಿ ಸಾರ್, ಅವರು ಇದ್ದಾಗ ಏನು ಕಡಿದು ಕಟ್ಟೆ ಹಾಕಿದ್ರು, ಆಫೀಸರ್ ಇದ್ರೇ ವಾಸಿ" ಅಂತಾರೆ. ಕಮಿಷನ್ ವ್ಯವಹಾರ ಇರಲಿಲ್ಲ ಅಂತ ನಾನು ಸರ್ಟಿಫಿಕೇಟ್ ಕೊಡಲ್ಲ. ಆದ್ರೆ ಆಡಳಿತಾಧಿಕಾರಿ ಕಾಲದಲ್ಲಿ ತಪ್ಪು ಕಾಣದೇ ಇರೋದು ತಪ್ಪು ಇಲ್ಲ ಅಂತಲ್ಲ, ನೋಡೋಕೆ ಯಾರೂ ಇಲ್ಲ ಅಂತ. ಸಾಮಾನ್ಯ ಸಭೆ ಇದ್ದಾಗ ಯಾವುದೋ ಊರಿನ ಮೆಂಬರ್ ಎದ್ದು ಅರಣ್ಯ ಇಲಾಖೆಯೋರನ್ನ, ಕರೆಂಟ್ ಇಲಾಖೆಯೋರನ್ನ ಹಿಡ್ಕೊಂಡು ಜಾಡಿಸ್ತಿದ್ದ, ಮಾರನೇ ದಿನ 'ಶಕ್ತಿ' ಪೇಪರಲ್ಲಿ ಓದ್ತಿದ್ವಿ, ಅರ್ಧ ನಾಟಕ ಇರ್ತಿತ್ತು ಅಂತಾನೇ ಇಟ್ಕೊಳ್ಳಿ, ಆದ್ರೆ ಆಫೀಸರ್ ಉತ್ತರ ಕೊಡ್ಬೇಕಿತ್ತು, ಆ ಉತ್ತರ ನಡಾವಳಿ ಪುಸ್ತಕಕ್ಕೆ ಹೋಗ್ತಿತ್ತು. ಈಗ ಫೈಲ್ ಬರುತ್ತೆ, ಸಹಿ ಆಗುತ್ತೆ. ಯಜಮಾನ ಊರಲ್ಲಿಲ್ಲದ ತೋಟದಲ್ಲಿ ರೈಟರ್ ಒಬ್ಬನೇ ಲೆಕ್ಕ ಬರೆದ ಹಾಗೆ, ಒಳ್ಳೇ ರೈಟರ್ ಆದ್ರೆ ಬಚಾವ್. ಜೊತೆಗೆ ಹಣಕಾಸು ಆಯೋಗದ ಅನುದಾನಕ್ಕೆ ಚುನಾಯಿತ ಸಂಸ್ಥೆ ಇರ್ಲೇಬೇಕು ಅನ್ನೋ ಷರತ್ತು ಇದೆ, ಓಟು ನಡೆಸದಿದ್ರೆ ಆ ದುಡ್ಡಿಗೂ ಕತ್ತರಿ. ನಮ್ಮ ರಾಜ್ಯದಲ್ಲಿ ಪಂಚಾಯ್ತಿ ಸೀಟುಗಳಲ್ಲಿ ಅರ್ಧ ಹೆಂಗಸರಿಗೆ ಅಂತ ಕಾನೂನಿದೆ, ಓಟು ಇಲ್ಲದ ಒಂದೊಂದು ವರ್ಷಾನೂ ಅವರ ಲೆಕ್ಕದಿಂದ ಹೋದದ್ದು. ಇದನ್ನ ಯಾವ ಟಿವಿ ಚರ್ಚೆಲೂ ಕೇಳಿಲ್ಲ.

ಲಾಭ ಯಾರಿಗೆ ಅಂತ ಕೇಳ್ತೀರಾ, ಹೆಸರು ಬೇಡ, ಲೆಕ್ಕ ಹೇಳ್ತೀನಿ. ಜಿಲ್ಲಾ ಪಂಚಾಯ್ತಿ ಮೆಂಬರ್ ಇಲ್ಲದಿದ್ರೆ ರಸ್ತೆ, ಮೋರಿ, ಕುಡಿಯೋ ನೀರಿನ ಪಟ್ಟಿ ಎಲ್ಲಾ ಎಂಎಲ್ಎ ಆಫೀಸಿಗೇ ಹೋಗುತ್ತೆ. ನಾಳೆ ಎಂಎಲ್ಎ ಟಿಕೆಟ್‌ಗೆ ಪೈಪೋಟಿ ಕೊಡೋ ಹುಡುಗ ತಯಾರಾಗೋದು ಜಿಲ್ಲಾ ಪಂಚಾಯ್ತಿಯಲ್ಲೇ, ಆ ಗರಡಿನೇ ಮುಚ್ಚಿದ್ರೆ ಯಾವ ಎಂಎಲ್ಎಗೆ ನಷ್ಟ ಹೇಳಿ. ಇದು ಕೊಡಗಿಗೆ ಮಾತ್ರ ಅಲ್ಲ, ಬೆಂಗಳೂರಿನ ಆಗಿನ ಪಾಲಿಕೆ ಬಿಬಿಎಂಪಿಯ ಅವಧಿ 2020ರ ಸೆಪ್ಟೆಂಬರಲ್ಲೇ ಮುಗಿದು ಅಲ್ಲೂ ಆಡಳಿತಾಧಿಕಾರಿನೇ ಕೂತಿದ್ದು.

ಅಂದ ಮಾತ್ರಕ್ಕೆ ತಾರೀಖು ಹಿಂದೆಮುಂದೆ ಆಗ್ಲೇಬಾರದು ಅಂತ ಹಠ ಹಿಡಿಯೋನಲ್ಲ ನಾನು. ಕೊಡಗಿನ ಕ್ಯಾಲೆಂಡರೇ ಬೇರೆ. ಜೂನ್‌ನಿಂದ ಸೆಪ್ಟೆಂಬರ್ ಮಳೆ, 2018, 2019, 2020 ಮೂರೂ ವರ್ಷ ಆಗಸ್ಟಲ್ಲೇ ಗುಡ್ಡ ಜರೀತು. ಆಮೇಲೆ ತುಲಾ ಸಂಕ್ರಮಣ, ಪುತ್ತರಿ ಅನ್ನೋ ನಮ್ಮ ಸುಗ್ಗಿ ಹಬ್ಬ, ಅಷ್ಟರಲ್ಲಿ ಅರೇಬಿಕಾ ಕುಯ್ಲು, ಅದರ ಹಿಂದೆನೇ ರೊಬಸ್ಟಾ. 2020ರ ಗ್ರಾಮ ಪಂಚಾಯ್ತಿ ಓಟು ಬಂದಿದ್ದು ಡಿಸೆಂಬರಲ್ಲಿ, ಕಾಫಿ ಹಣ್ಣಾಗಿ ನಿಂತಿತ್ತು, ತೋಟದ ಲೈನ್ ಮನೆಗಳಲ್ಲಿರೋ ಕಾರ್ಮಿಕರು ಅವತ್ತಿನ ಕೂಲಿ ಬಿಟ್ಟು ಬರಬೇಕಾ ಅಂತ ಯೋಚನೆ ಮಾಡೋ ಪರಿಸ್ಥಿತಿ. ಅದು ಕೋವಿಡ್ ನೆಪದಲ್ಲಿ ಮುಂದಕ್ಕೆ ಹೋಗಿ, ಕೋರ್ಟ್ ಹೇಳಿದ ಮೇಲೆ ನಡೆದ ಓಟು. ನನ್ನ ಕೇಳಿದ್ರೆ ಇಲ್ಲಿಗೆ ಸರಿಯಾದ ಟೈಮ್ ಅಕ್ಟೋಬರ್ ಕೊನೆ ಇಲ್ಲಾ ಪರೀಕ್ಷೆ ಮುಗಿದ ಏಪ್ರಿಲ್. ತಿಂಗಳು ಆರಿಸೋ ಚರ್ಚೆ ಅವಧಿ ಮುಗಿಯೋಕೆ ಮುಂಚೆ ಆಗಬೇಕು, ಮುಗಿದು ವರ್ಷಗಟ್ಟಲೆ ಆದ ಮೇಲಲ್ಲ. ಲೋಕಸಭೆ, ವಿಧಾನಸಭೆ ಆದ 100 ದಿನದೊಳಗೆ ಸ್ಥಳೀಯ ಸಂಸ್ಥೆ ಓಟೂ ಮುಗಿಸಿ ಅಂತ, 'ಒಂದು ದೇಶ ಒಂದು ಚುನಾವಣೆ' ವಿಷಯಕ್ಕೆ ಮಾಡಿದ್ದ ಮಾಜಿ ರಾಷ್ಟ್ರಪತಿ ಕೋವಿಂದ್ ಸಮಿತಿ 2024ರಲ್ಲಿ ಶಿಫಾರಸು ಮಾಡ್ತು. ಖರ್ಚು ಉಳಿಯಬಹುದು, ಆದ್ರೆ ಮೇ ತಿಂಗಳಲ್ಲಿ ದೊಡ್ಡ ಓಟು ಆದ್ರೆ ನಮ್ಮದು ಜುಲೈ, ಆಗಸ್ಟಿಗೆ ಬಂದು ಬೀಳುತ್ತೆ. ಆಗಸ್ಟಲ್ಲಿ ಮಡಿಕೇರಿ ಹತ್ರದ ಗುಡ್ಡದೂರು ಗಾಳಿಬೀಡಿಗೆ ಮತಗಟ್ಟೆ ಸಾಮಾನು ಹೊತ್ಕೊಂಡು ಹೋಗೋರು ಯಾರು?

2020ರಲ್ಲಿ ಗೆದ್ದ ಗ್ರಾಮ ಪಂಚಾಯ್ತಿಗಳ ಐದು ವರ್ಷವೂ 2026ರ ಶುರುವಿಗೇ ತುಂಬೋ ಲೆಕ್ಕ. ಅದರ ಜೊತೆಗೆ 2027ರ ಜನಗಣತಿ. ಹೊಸ ಅಂಕಿ ಬರಲಿ, ಆಮೇಲೆ ಕ್ಷೇತ್ರ ಮಾಡೋಣ ಅನ್ನೋ ರಾಗ ಯಾರಾದ್ರೂ ತೆಗೆದೇ ತೆಗೀತಾರೆ ಅಂತ ನನ್ನ ಊಹೆ. ಆ ಮಾತು ಕೇಳಿದಾಗ 2006ರ ತೀರ್ಪು ನೆನಪಿರಲಿ.

ಕರಡು ಅಧಿಸೂಚನೆ ಬಂದಾಗ ನೀವು ಮಾಡಬೇಕಾದ್ದು ಇಷ್ಟು. ಆಕ್ಷೇಪಣೆಗೆ ಕೊಡೋ ಟೈಮ್ ಕಮ್ಮಿ ಇರುತ್ತೆ, ವಾಟ್ಸಾಪಲ್ಲಿ ಬೈಯ್ಕೊಂಡು ಕೂತ್ರೆ ಅದು ಮುಗಿದೇ ಹೋಗುತ್ತೆ. ಗ್ರಾಮದ ಹೆಸರು, ಯಾವ ಕ್ಷೇತ್ರಕ್ಕೆ ಸೇರಿಸಿದ್ದಾರೆ, ರಸ್ತೆ ಮೇಲೆ ಎಷ್ಟು ದೂರ, ಮಳೆಗಾಲದಲ್ಲಿ ದಾರಿ ಇರುತ್ತಾ, ಇಷ್ಟನ್ನ ಒಂದು ಹಾಳೆಯಲ್ಲಿ ಬರೀರಿ, ಪಕ್ಷದ ಲೆಟರ್‌ಹೆಡ್ ಬೇಡ, ಊರಿನೋರ ಸಹಿ ಸಾಕು. ಅಧಿಸೂಚನೆಯಲ್ಲಿ ಹೇಳಿದ ಆಫೀಸಿಗೇ ಕೊಡಿ. ಇನ್ನೊಂದು ಪ್ರತಿಗೆ ಸೀಲು, ತಾರೀಖು ಹಾಕಿಸ್ಕೊಂಡು ಜೋಪಾನ ಮಾಡಿ, ನಾಳೆ ಹೈಕೋರ್ಟಲ್ಲಿ ರಿಟ್ ಅರ್ಜಿ ಹಾಕೋಕೆ ನನ್ನಂಥವರ ಹತ್ರ ಬಂದಾಗ ನಾವು ಮೊದಲು ಕೇಳೋದು ಆ ಪ್ರತಿನೇ.