ಮೇವನ್ನೂ ಹೇರಿಕೊಂಡು ಹೊರಟ ಗಾಡಿ

ನಡುವೆ ಎಲ್ಲೂ ಇಳಿಯದೆ ಹಾರಿದರೆ ಇಂಧನ ಉಳಿಯುತ್ತದೆ ಎಂದು ನಂಬಿದವರೇ ಹೆಚ್ಚು. ಐದಾರು ಗಂಟೆಯ ಹಾದಿಗೆ ಸರಿ. ಸಿಂಗಪುರದಿಂದ ನ್ಯೂಯಾರ್ಕಿಗೆ ಹೊರಟರೆ ಲೆಕ್ಕ ತಿರುಗಿಬೀಳುತ್ತದೆ.

ಗಾಡಿ ಕಟ್ಟಿಕೊಂಡು ದೂರದ ಜಾತ್ರೆಗೆ ಹೊರಟಿದ್ದೀರಿ, ದಾರಿಯಲ್ಲಿ ಹುಲ್ಲು ಸಿಗುವುದಿಲ್ಲ. ಎತ್ತುಗಳ ಮೇವನ್ನೂ ಗಾಡಿಗೇ ಹೇರಬೇಕು. ಆ ಹೊರೆ ಎಳೆಯಲು ಎತ್ತು ಇನ್ನಷ್ಟು ತಿನ್ನುತ್ತವೆ, ಅದಕ್ಕೆ ಮತ್ತೊಂದು ಹೊರೆ ಮೇವು. ವಿಮಾನದಲ್ಲೂ ಇದೇ ಕಥೆ. ಹೆಚ್ಚುವರಿ ತುಂಬಿದ ಇಂಧನದಲ್ಲಿ ಗಂಟೆಗೆ ಸುಮಾರು ಶೇ 3–4ರಷ್ಟು ಅದನ್ನು ಹೊರುವುದಕ್ಕೇ ಉರಿದುಹೋಗುತ್ತದೆ ಎಂಬುದು ವಾಯುಯಾನದವರ ಕೈಲೆಕ್ಕ. 18ನೇ ಗಂಟೆಗೆ ಒಂದು ಲೀಟರ್ ಉಳಿಯಬೇಕಾದರೆ ಹೊರಡುವಾಗ ಒಂದೂಮುಕ್ಕಾಲರಿಂದ ಎರಡು ಲೀಟರ್ ಬೇಕು. ತೂತಿನ ಕೊಡದಲ್ಲಿ ನೀರು ತಂದಂತೆ: ಬಾವಿ ದೂರವಾದಷ್ಟೂ ಮನೆ ಸೇರುವುದು ಕಡಿಮೆ.

ಈ ಹಾದಿಗೆಂದೇ ಮಾಡಿದ ಏರ್‌ಬಸ್ ಎ350-900 ಯುಎಲ್‌ಆರ್‌ (ಅತಿ ದೂರ ಹಾರುವ ಮಾದರಿ) ವಿಮಾನದ ಟ್ಯಾಂಕಿಗೆ 1,65,000 ಲೀಟರ್ ಹಿಡಿಯುತ್ತದೆ. ಅಂದರೆ ಸುಮಾರು 130 ಟನ್. ಮೇಲೇರುವಾಗಿನ ಗರಿಷ್ಠ ತೂಕವೇ 280 ಟನ್! ಸೀಟು ಬರೀ 161. ಸಾಮಾನ್ಯ ಎಕಾನಮಿ ಇಲ್ಲವೇ ಇಲ್ಲ.

ಇದೂ ಪೆಟ್ಟು ತಿಂದು ಕಲಿತದ್ದು. ಸಿಂಗಪುರ್ ಏರ್‌ಲೈನ್ಸ್ 2004ರಲ್ಲಿ ನಾಲ್ಕು ಎಂಜಿನ್ನಿನ ಎ340-500 ಹಾರಿಸಿತು. 2008ರಲ್ಲಿ ಎಲ್ಲವನ್ನೂ ಬಿಸಿನೆಸ್ ಕ್ಲಾಸ್ ಮಾಡಿ 100 ಸೀಟಿಗೆ ಇಳಿಸಿತು. ಆದರೂ 2013ರಲ್ಲಿ ನಿಲ್ಲಿಸಬೇಕಾಯಿತು. ಎರಡೇ ಎಂಜಿನ್ನಿನ ವಿಮಾನ ಸಿಕ್ಕ ಮೇಲೆ, 2018ರಲ್ಲಿ, ಮತ್ತೆ ಶುರು.

ಹಾಗಾದರೆ ಗಿಟ್ಟುವುದು ಹೇಗೆ? ಇವರು ಮಾರುವುದು ಸೀಟಿಗಿಂತ ಹೆಚ್ಚಾಗಿ ಸಮಯವನ್ನು. ಕೋವಿಡ್ ಬಂದಾಗ ಮಾರಲು ಇನ್ನೊಂದು ಸರಕು ಸಿಕ್ಕಿತು: ಮೂರನೇ ದೇಶದ ನಿಲ್ದಾಣದಲ್ಲಿ ಜನರ ನಡುವೆ ಕಾಯಬೇಕಿಲ್ಲ, ಅಲ್ಲಿನ ನಿಯಮಗಳ ಗೋಜಿಲ್ಲ. ಪ್ರಯಾಣಿಕರೇ ವಿರಳವಾಗಿದ್ದ 2020ರ ನವೆಂಬರಿನಲ್ಲಿ ಸಿಂಗಪುರದಿಂದ ನ್ಯೂಯಾರ್ಕಿನ ಇನ್ನೊಂದು ನಿಲ್ದಾಣವಾದ ಜೆಎಫ್‌ಕೆಗೆ ಸೇವೆ ಆರಂಭವಾದದ್ದು ಸರಕು ಸಾಗಣೆಯನ್ನೂ ನೆಚ್ಚಿಕೊಂಡೇ. 2021ರ ಜನವರಿಯಲ್ಲಿ ಸ್ಯಾನ್‌ ಫ್ರಾನ್ಸಿಸ್ಕೋದಿಂದ ಉತ್ತರ ಧ್ರುವದ ಮೇಲೆ ಹಾದು, ಮಹಿಳಾ ಪೈಲಟ್‌ಗಳೇ ನಡೆಸಿದ ಏರ್ ಇಂಡಿಯಾ ವಿಮಾನ ಬೆಂಗಳೂರಿಗೆ ಇಳಿಯಿತು. ಎರಡೂ ಕಡೆ ಸಾಫ್ಟ್‌ವೇರ್ ಕಂಪನಿಗಳಿರುವಾಗ ಸಮಯಕ್ಕೆ ಗಿರಾಕಿ ಹುಡುಕಬೇಕೆ?

ಮುಂದಿನ ಗುರಿ ಸಿಡ್ನಿ–ಲಂಡನ್, ಸುಮಾರು 20 ಗಂಟೆ. ಅದಕ್ಕೆಂದು 2022ರ ಮೇನಲ್ಲಿ 12 ಎ350-1000 ವಿಮಾನಗಳಿಗೆ ಬೇಡಿಕೆಯಿಟ್ಟ ಆಸ್ಟ್ರೇಲಿಯಾದ ಕ್ವಾಂಟಸ್ ಕಂಪನಿ, ಬೇರೆಯವರು 300ಕ್ಕೂ ಹೆಚ್ಚು ಜನರನ್ನು ಕೂರಿಸುವ ಕಡೆ 238 ಸೀಟು ಇಟ್ಟು, 20,000 ಲೀಟರಿನ ಇನ್ನೊಂದು ಟ್ಯಾಂಕ್ ಸೇರಿಸಿದೆ. ಯೋಜನೆಯ ಹೆಸರು ‘ಸನ್‌ರೈಸ್’. ಎರಡನೇ ಮಹಾಯುದ್ಧದಲ್ಲಿ, 1943ರಿಂದ, ಇದೇ ಕಂಪನಿಯ ಕ್ಯಾಟಲೈನಾ ನೀರ್ವಿಮಾನಗಳು ಪರ್ತ್‌ನಿಂದ ಸಿಲೋನಿಗೆ 27ರಿಂದ 33 ಗಂಟೆ ಹಾರುತ್ತಿದ್ದವು; ಒಂದೇ ಪ್ರಯಾಣದಲ್ಲಿ ಎರಡು ಸೂರ್ಯೋದಯ. ಹೆಚ್ಚೆಂದರೆ ಮೂವರು ಪ್ರಯಾಣಿಕರು, 69 ಕೆಜಿ ಅಂಚೆ. ಮಿಕ್ಕ ಹೊರೆಯೆಲ್ಲ ಮೇವು.