ಶಿಬಿರಕ್ಕೆ ಕಳಿಸಿದರೆ ಮಗ ಪುಕ್ಕಲ ಆಗ್ತಾನಾ?

ಪ್ರಶ್ನೆ: "ನಿಮ್ಮ ಬೇಸಿಗೆ ಶಿಬಿರದಾಗ ಹೊಡಿಬ್ಯಾಡ್ರಿ, ಬಡಿಬ್ಯಾಡ್ರಿ ಅಂತ ಕಲಸ್ತೀರಂತ. ನಮ್ಮ ಹುಡುಗ ಮೊದಲೇ ಮೆತ್ತಗ ಅದಾನ. ನಾಳೆ ಸಾಲ್ಯಾಗ ಯಾರರ ಹೊಡದ್ರ ಸುಮ್ನ ಹೊಡಿಸಿಕೊಂಡು ಬರಬೇಕೇನ್ರಿ ಅಕ್ಕೋರ?"

ಏಪ್ರಿಲ್ ಬಂತು ಅಂದರೆ ಧಾರವಾಡದ ಮಾರುಕಟ್ಟೆಗೆ ಆಪೂಸು ಬರುತ್ತದೆ, ನನಗೆ ಈ ಪ್ರಶ್ನೆ ಬರುತ್ತದೆ. ಫೋನಿನಲ್ಲಿ ಕೇಳುತ್ತಾರೆ, ಹುಬ್ಬಳ್ಳಿ ಬಸ್ಸಿನಲ್ಲಿ ಕೇಳುತ್ತಾರೆ, ಮದುವೆ ಊಟದಲ್ಲಿ ಪಕ್ಕದ ಎಲೆಯವರು ಕೇಳುತ್ತಾರೆ. ಒಮ್ಮೆ ಬರೆದೇ ಬಿಡುತ್ತೇನೆ. ಇನ್ನು ಕೇಳಿದವರಿಗೆಲ್ಲ ಇದನ್ನೇ ಕಳಿಸುವುದು.

ಚಿಕ್ಕ ಉತ್ತರ: ಇಲ್ಲ. ಹೊಡಿಸಿಕೊಂಡು ಬಾ ಅಂತ ನಾವು ಯಾವತ್ತೂ ಹೇಳಿಲ್ಲ. ಜಗಳ ಆಡಬೇಡ ಅಂತಲೂ ಹೇಳುವುದಿಲ್ಲ. ಮೂವತ್ತು ಮಕ್ಕಳನ್ನು ಬಿರುಬಿಸಿಲಲ್ಲಿ ಒಂದೇ ಅಂಗಳದಲ್ಲಿ ಬಿಟ್ಟು ಜಗಳ ಬೇಡ ಅಂದರೆ ನಡೆಯುತ್ತಾ? ಜಗಳ ಆಗಲಿ. ಅದನ್ನು ಮುಗಿಸುವುದು ಹೇಗೆ ಅನ್ನುವುದಷ್ಟೇ ನಮ್ಮ ಪಾಠ.

ಆದರೆ ಇಷ್ಟಕ್ಕೆ ಯಾರೂ ಬಿಡುವುದಿಲ್ಲ. ಮುಂದಿನ ಮಾತು ನನಗೆ ಬಾಯಿಪಾಠ ಆಗಿದೆ: "ಒಂದು ಕೆನ್ನೆಗೆ ಹೊಡದ್ರ ಇನ್ನೊಂದು ಕೆನ್ನೆ ತೋರಸು ಅಂತ ಗಾಂಧೀಜಿ ಹೇಳಿಲ್ಲೇನ್ರಿ?"

ಅದು ಬೈಬಲ್ಲಿನ ಮಾತು. ಮತ್ತಾಯನ ಸುವಾರ್ತೆಯ ಐದನೇ ಅಧ್ಯಾಯ, ಏಸು ಬೆಟ್ಟದ ಮೇಲೆ ಮಾಡಿದ ಉಪದೇಶದಲ್ಲಿ ಬರುತ್ತದೆ. ಗಾಂಧಿಗೆ ಆ ಉಪದೇಶ ಬಹಳ ಇಷ್ಟ, ನಿಜ. ಆದರೆ ಕೈಕಟ್ಟಿ ನಿಂತು ಪೆಟ್ಟು ತಿನ್ನು ಅನ್ನುವ ಅರ್ಥ ನಾವು ತೆಗೆದದ್ದು, ಅವರು ತೆಗೆದದ್ದಲ್ಲ.

1908ರ ಫೆಬ್ರುವರಿಯಲ್ಲಿ ಜೋಹಾನ್ಸ್‌ಬರ್ಗಿನ ಬೀದಿಯಲ್ಲಿ ಮೀರ್ ಆಲಂ ಎಂಬ ಪಠಾಣ ಮತ್ತು ಅವನ ಸಂಗಡಿಗರು ಗಾಂಧಿಯನ್ನು ಪ್ರಜ್ಞೆ ತಪ್ಪುವ ಹಾಗೆ ಹೊಡೆದರು. ಎಚ್ಚರವಾದ ಮೇಲೆ, ಅವರ ಮೇಲೆ ಕೇಸು ಬೇಡ ಅಂದರು ಗಾಂಧಿ. ನಾವು ಕತೆಯನ್ನು ಇಲ್ಲಿಗೇ ನಿಲ್ಲಿಸುತ್ತೇವೆ. ಮುಂದೆ ಇನ್ನೂ ಇದೆ. ಅವರ ಹಿರಿಯ ಮಗ ಅಪ್ಪನನ್ನೇ ಕೇಳಿದ: ಆವತ್ತು ನಾನು ಅಲ್ಲಿದ್ದಿದ್ದರೆ ಏನು ಮಾಡಬೇಕಿತ್ತು? ಓಡಿ ಹೋಗಬೇಕಿತ್ತಾ, ತಿರುಗಿ ಹೊಡೆಯಬೇಕಿತ್ತಾ? ನಿಮ್ಮ ಪ್ರಶ್ನೆಯೇ, ಅಲ್ವಾ? ಬಲ ಪ್ರಯೋಗಿಸಿಯಾದರೂ ನನ್ನನ್ನು ಕಾಪಾಡುವುದು ನಿನ್ನ ಕರ್ತವ್ಯವಾಗಿತ್ತು ಅಂದರು ಅಪ್ಪ. 1920ರ ಆಗಸ್ಟಿನಲ್ಲಿ ಯಂಗ್ ಇಂಡಿಯಾ ಪತ್ರಿಕೆಯಲ್ಲಿ ಇದನ್ನು ಬರೆದವರು ಸ್ವತಃ ಗಾಂಧಿ. ಪುಕ್ಕಲುತನ, ಹಿಂಸೆ ಎರಡೇ ದಾರಿ ಉಳಿದರೆ ಹಿಂಸೆಯೇ ಇರಲಿ ಎನ್ನುತ್ತೇನೆ ಅಂತಲೂ ಅದೇ ಲೇಖನದಲ್ಲಿದೆ. ಹಿಂಸೆಗಿಂತ ಅಹಿಂಸೆ ಎಷ್ಟೋ ಪಾಲು ಮೇಲು ಎಂಬ ಮಾತು ಅದರ ಬೆನ್ನಿಗೇ ಬರುತ್ತದೆ. ದಯವಿಟ್ಟು ಮೊದಲ ಅರ್ಧವನ್ನಷ್ಟೇ ಕತ್ತರಿಸಿ ವಾಟ್ಸಾಪಿನಲ್ಲಿ ಹಾಕಬೇಡಿ. ಹೋದ ಸಲ ಒಬ್ಬರು ಹಾಕಿದ್ದರು.

ದೂರದ ಉದಾಹರಣೆ ಬೇಡ ಅನ್ನುವವರಿಗೆ ನಮ್ಮ ಹಾವೇರಿ ಕಡೆಯ ಮೋಟೆಬೆನ್ನೂರು ಇದೆ. 1930ರ ಮಾರ್ಚ್ 12ರಂದು ಗಾಂಧಿಯ ಜೊತೆ ದಂಡಿಗೆ ಹೊರಟ 78 ಜನರಲ್ಲಿ ಆ ಊರಿನ ಮೈಲಾರ ಮಹಾದೇವಪ್ಪ ಇದ್ದರು. ಕರ್ನಾಟಕದಿಂದ ಅವರೊಬ್ಬರೇ. ವಯಸ್ಸು ಇಪ್ಪತ್ತು ತುಂಬಿರಲಿಲ್ಲ. ಮುಂದೆ ಜೈಲು ಕಾದಿದೆ ಅಂತ ಗೊತ್ತಿದ್ದೂ ಅಷ್ಟು ದೂರ ನಡೆಯುವುದು ಪುಕ್ಕಲರ ಕೆಲಸವೇ?

ಈ ಕತೆ ಹೇಳಿದಾಗ ಹುಷಾರಿ ಮಗುವೊಂದು ಕೈ ಎತ್ತಿಯೇ ಎತ್ತುತ್ತದೆ. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಸರಕಾರದ ಕಂದಾಯದ ಹಣ ಕಿತ್ತುಕೊಳ್ಳಲು ಹೋಗಿ ಇದೇ ಮಹಾದೇವಪ್ಪ ಪೊಲೀಸರ ಗುಂಡಿಗೆ ಬಲಿಯಾದರು. "ಅದು ಅಹಿಂಸಾ ಏನ್ರಿ?" ನಾನು ಉತ್ತರ ಹೇಳುವುದಿಲ್ಲ. ಎರಡು ದಿನ ಅದರ ಮೇಲೆ ವಾದ ನಡೆಯುತ್ತದೆ. ಆ ಎರಡು ದಿನ ನನಗೆ ಬಹಳ ಇಷ್ಟ.

ಇನ್ನು ನಿಮ್ಮ ಮಗನ ವಿಷಯ. ಯಾರಾದರೂ ಹೊಡೆಯಲು ಬಂದರೆ ಕೈ ಅಡ್ಡ ಹಿಡಿ, ಗಟ್ಟಿ ದನಿಯಲ್ಲಿ "ಸಾಕು" ಅನ್ನು, ಅಲ್ಲಿಂದ ಹೊರಡು, ದೊಡ್ಡವರಿಗೆ ಹೇಳು. ಇದು ಚಾಡಿ ಅಲ್ಲ. ಇನ್ನೊಬ್ಬನಿಗೆ ಬೈಸಲು ಹೇಳುವುದು ಚಾಡಿ, ಪೆಟ್ಟು ನಿಲ್ಲಿಸಲು ಹೇಳುವುದು ಸಹಾಯ ಕೇಳುವುದು. ಗಟ್ಟಿಯಾಗಿ ಕೂಗುವುದನ್ನೇ ಒಂದು ದಿನ ಪೂರ್ತಿ ಕಲಿಸುತ್ತೇವೆ. ಮೆತ್ತಗಿನ ಮಕ್ಕಳಿಗೆ ಅದೇ ಕಷ್ಟ.

ದಿನನಿತ್ಯದ ಜಗಳಕ್ಕೆ ಬೇರೆ ಪಾಠ. ಹೋದ ವರ್ಷ ರನ್ ಔಟ್ ಮೇಲೆ ಇಬ್ಬರು ಕಾಲರ್ ಹಿಡಿದುಕೊಂಡರು. ಬ್ಯಾಟು ಒಬ್ಬನದು, ಅವನು ಬಿಡವಲ್ಲ. ಇಬ್ಬರನ್ನೂ ಬೇವಿನ ಮರದ ಕೆಳಗೆ ಕೂರಿಸಿದೆ. "ಅಂವಾ ಮೋಸಗಾರ ಅದಾನ್ರಿ." ತಡಿ, ಮೊಬೈಲಿನಲ್ಲಿ ವಿಡಿಯೋ ಮಾಡಿದ್ದರೆ ಮೋಸ ಕಾಣಿಸುತ್ತಿತ್ತಾ? ಕಾಣುವುದನ್ನಷ್ಟೇ ಹೇಳು. ಸ್ವಲ್ಪ ಹೊತ್ತು ಸುಮ್ಮನಿದ್ದ. "ಔಟ್ ಅಂದ್ರೂ ಬ್ಯಾಟ್ ಕೊಡಲಿಲ್ರಿ." ಸರಿ. ಆಗ ನಿನಗೆ ಹೇಗಾಯಿತು? ಏನು ಬೇಕಿತ್ತು? ಈಗ ಅವನನ್ನು ಏನು ಕೇಳುತ್ತೀ? ಕಂಡದ್ದು, ಅನಿಸಿದ್ದು, ಬೇಕಾದದ್ದು, ಕೇಳುವುದು: ಈ ನಾಲ್ಕು ಮೆಟ್ಟಿಲು ಮಾರ್ಷಲ್ ರೋಸನ್‌ಬರ್ಗ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ ಹಾಕಿಕೊಟ್ಟದ್ದು. ಎದುರಿಗಿದ್ದವನು ಕೇಳಿಸಿಕೊಂಡು, ಅದನ್ನೇ ತನ್ನ ಬಾಯಲ್ಲಿ ತಿರುಗಿ ಹೇಳಬೇಕು. ಮೊದಲನೆಯವನು "ಹೌದು, ಅದನ್ನೇ ಹೇಳಿದ್ದು" ಅನ್ನುವ ತನಕ ಇವನ ಸರದಿ ಬರುವುದಿಲ್ಲ. ಬ್ಯಾಟಿನ ಹುಡುಗ ನಾಲ್ಕನೇ ಸಲಕ್ಕೆ ಸರಿಯಾಗಿ ಹೇಳಿದ. ಆಮೇಲೆ ತನ್ನ ಸರದಿಯಲ್ಲಿ ಹೇಳಿದ್ದು ಇಷ್ಟು: "ಬ್ಯಾಟ್ ಮುರದ್ರ ನಮ್ಮಪ್ಪ ಬೈತಾನ್ರಿ." ಕೊಡದೇ ಇದ್ದದ್ದು ಔಟಿನ ಸಿಟ್ಟಿಗಲ್ಲ. ಅಲ್ಲಿಯತನಕ ನನಗೂ ಗೊತ್ತಿರಲಿಲ್ಲ.

ಯಾರೂ ಕೇಳದ ಒಂದು ಪ್ರಶ್ನೆ ಇದೆ: ನಿಮ್ಮ ಶಿಬಿರದಲ್ಲಿ ಬಹುಮಾನ ಯಾಕಿಲ್ಲ? ಯಾರಾದರೂ ಕೇಳಲಿ ಅಂತ ಎಷ್ಟೋ ವರ್ಷದಿಂದ ಕಾಯುತ್ತಿದ್ದೇನೆ.

1954ರಲ್ಲಿ ಅಮೆರಿಕದ ಓಕ್ಲಹೋಮಾದಲ್ಲಿ ಮುಜಫರ್ ಶೆರಿಫ್ ಎಂಬ ಮನಶ್ಶಾಸ್ತ್ರಜ್ಞ ಒಂದು ಬೇಸಿಗೆ ಶಿಬಿರ ನಡೆಸಿದ. ಹನ್ನೊಂದರ ಆಸುಪಾಸಿನ 22 ಹುಡುಗರು, ಎರಡು ಗುಂಪು. ಪಂದ್ಯ ಇಟ್ಟು, ಗೆದ್ದವರಿಗೆ ಪದಕ, ಚಾಕು ಅಂತ ಆಸೆ ತೋರಿಸಿದ. ಕೆಲವೇ ದಿನಗಳಲ್ಲಿ ಒಬ್ಬರ ಬಾವುಟ ಒಬ್ಬರು ಸುಟ್ಟರು, ಗುಡಿಸಲಿಗೆ ನುಗ್ಗಿದರು. ಒಟ್ಟಿಗೆ ಊಟಕ್ಕೆ ಕೂರಿಸಿದರೆ ಊಟವನ್ನೇ ಎಸೆದಾಡಿದರು. ಕೊನೆಗೆ ಶಿಬಿರದ ನೀರು ನಿಂತಿತು. ನಿಲ್ಲಿಸಿದ್ದು ಶೆರಿಫನ ಕಡೆಯವರೇ, ಹುಡುಗರಿಗೆ ಗೊತ್ತಿಲ್ಲ. ಎರಡೂ ಗುಂಪು ಸೇರಿ ಟ್ಯಾಂಕಿನ ಹತ್ತಿರ ತಡಕಾಡಿದವು. ಆಮೇಲೆ ಲಾರಿ ಕೆಟ್ಟಿತು, ಒಂದೇ ಹಗ್ಗ ಹಿಡಿದು ಎಳೆದರು. ಸಿಟ್ಟು ಮೆಲ್ಲಗೆ ಇಳಿಯಿತು. ಮಕ್ಕಳಿಗೆ ಹೇಳದೆ ಹೀಗೆ ಜಗಳ ಹಚ್ಚಿದ್ದು ನನಗೆ ಸರಿ ಕಾಣುವುದಿಲ್ಲ. ಆದರೆ ಕೊಡ ಸಾಲಿಟ್ಟು ನಳ ಬರುವುದನ್ನು ಕಾಯುವ ಹುಬ್ಬಳ್ಳಿ-ಧಾರವಾಡದವರಿಗೆ ನೀರಿನ ಭಾಗ ಬಿಡಿಸಿ ಹೇಳಬೇಕಿಲ್ಲ.

ಹೋದ ವರ್ಷ ಮಕ್ಕಳಿಗೆ ಈ ಕತೆ ಹೇಳಿದೆ. ಮರುದಿನ ಬೆಳಿಗ್ಗೆ ನಮ್ಮ ಟ್ಯಾಂಕರ್ ಬರಲಿಲ್ಲ. ಪಕ್ಕದ ಮನೆಯ ಬೋರ್‌ವೆಲ್ಲಿನಿಂದ ಸಾಲು ನಿಂತು ಕೊಡ ದಾಟಿಸಿದರು. ನಾನು ಬೇಕಂತ ಮಾಡಿದ್ದಲ್ಲ ಅಂತ ಎಷ್ಟು ಹೇಳಿದರೂ ಒಬ್ಬರೂ ನಂಬಲಿಲ್ಲ.